ನೋಟ ಬದಲಾಗಲು ಮೊದಲು ನಿಲ್ಲುವ ಜಾಗ ಬೇಕು

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳಿವೆ. ಒಂದರ ಉತ್ತರ ಇನ್ನೊಂದಕ್ಕೂ ಬೇಕಾಗುವುದರಿಂದ ಮೂರನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನಗೆ 41 ವರ್ಷ. ಐದು ತಿಂಗಳ ಹಿಂದೆ ತಂದೆಯವರಿಗೆ ಪಾರ್ಶ್ವವಾಯು ಆಯಿತು. ಬಲಗೈ ಮತ್ತು ಬಲಗಾಲು ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಅದೇ ಹೊತ್ತಿಗೆ ಕಚೇರಿಯಲ್ಲಿ ಒಬ್ಬರು ಕೆಲಸ ಬಿಟ್ಟು, ಅವರ ಪಾಲಿನ ಕೆಲಸವೂ ನನ್ನ ಮೇಜಿಗೆ ಬಂತು. ಮಗನಿಗೆ ಈ ವರ್ಷ ಮುಖ್ಯವಾದ ಪರೀಕ್ಷೆ. ಮನೆಯ ಸಾಲದ ಕಂತು ತಪ್ಪುವಂತಿಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ. ಎದೆಯ ಮೇಲೆ ಕಲ್ಲು ಹೇರಿದಂತಾಗುತ್ತದೆ. ಅಕ್ಕನೂ ಗೆಳತಿಯರೂ ‘ನೋಡುವ ದೃಷ್ಟಿಯನ್ನು ಬದಲಿಸಿಕೋ, ಎಲ್ಲ ಹಗುರವಾಗುತ್ತದೆ’ ಎನ್ನುತ್ತಾರೆ. ನಾನೂ ಪ್ರಯತ್ನಿಸಿದ್ದೇನೆ. ‘ನನಗಿಂತ ಹೆಚ್ಚು ಕಷ್ಟದಲ್ಲಿರುವವರು ಎಷ್ಟೋ ಜನರಿದ್ದಾರೆ’ ಎಂದುಕೊಂಡರೆ ಸಮಾಧಾನದ ಬದಲು, ಇಷ್ಟಕ್ಕೇ ಕುಸಿದೆನಲ್ಲ ಎಂಬ ನಾಚಿಕೆ ಹುಟ್ಟುತ್ತದೆ. ದೃಷ್ಟಿ ಬದಲಿಸುವುದು ಎಂದರೆ ನಿಜವಾಗಿ ಏನು? ನನ್ನಿಂದ ಅದು ಏಕೆ ಆಗುತ್ತಿಲ್ಲ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಮ್ಮನ್ನು ಹೆಚ್ಚು ನೋಯಿಸುತ್ತಿರುವುದು ಅದೇ ಎಂದು ಪತ್ರ ಓದಿದಾಗ ಅನ್ನಿಸಿತು. ನಿಮ್ಮಿಂದ ಆಗದಿರುವುದಕ್ಕೆ ನಿಮ್ಮ ಮನಸ್ಸು ದುರ್ಬಲವಾಗಿರುವುದು ಕಾರಣವಲ್ಲ. ಒತ್ತಡ ಅತಿಯಾದ ಗಳಿಗೆಯಲ್ಲಿ ಯೋಚನೆಯ ದಿಕ್ಕನ್ನು ಬದಲಿಸುವುದು ಎಲ್ಲರಿಗೂ ಕಷ್ಟ, ಆ ವಿದ್ಯೆಯನ್ನು ಚೆನ್ನಾಗಿ ಕಲಿತವರಿಗೂ ಕಷ್ಟ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಭಯ ಹುಟ್ಟಿಸುವ ಚಿತ್ರಗಳನ್ನು ಬೇರೆ ಬಗೆಯಲ್ಲಿ ನೋಡಿ ಭಯವನ್ನು ತಗ್ಗಿಸಿಕೊಳ್ಳುವುದನ್ನು ಅವರು ಕೆಲವರಿಗೆ ಕಲಿಸಿದರು. ಮರುದಿನ ಆ ಚಿತ್ರಗಳನ್ನು ಮತ್ತೆ ತೋರಿಸುವ ಮೊದಲು ಅರ್ಧದಷ್ಟು ಜನರ ಕೈಯನ್ನು ಮೂರು ನಿಮಿಷ ಮಂಜಿನಂಥ ತಣ್ಣೀರಿನಲ್ಲಿ, ಉಳಿದವರ ಕೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇರಿಸಲಾಯಿತು. ಬೆಚ್ಚಗಿನ ನೀರಿನವರಿಗೆ ಹಿಂದಿನ ದಿನದ ಪಾಠ ಉಪಯೋಗಕ್ಕೆ ಬಂತು, ತಣ್ಣೀರಿನವರಿಗೆ ಬರಲಿಲ್ಲ. ಮೂರು ನಿಮಿಷದ ತಣ್ಣೀರಿಗೆ ಹೀಗಾಗುವುದಾದರೆ, ಐದು ತಿಂಗಳಿನಿಂದ ನಿದ್ದೆಗೆಟ್ಟವರಿಗೆ ‘ಬೇರೆ ರೀತಿ ಯೋಚಿಸು’ ಎಂಬ ಸಲಹೆ ಏಕೆ ದಕ್ಕುವುದಿಲ್ಲ ಎಂಬುದು ನಿಮಗೆ ಅರ್ಥವಾಗುತ್ತದೆ. ವಿವೇಚನೆ ಮಾಡುವ, ಒಂದೇ ವಿಷಯವನ್ನು ಎರಡು ಬಗೆಯಲ್ಲಿ ತೂಗಿ ನೋಡುವ ಕೆಲಸ ಮಿದುಳಿನ ಮುಂಭಾಗದ್ದು. ತೀವ್ರ ಒತ್ತಡದಲ್ಲಿ ಮೊದಲು ಸೊರಗುವುದು ಅದೇ.

ಆದ್ದರಿಂದ ಮೊದಲ ಹೆಜ್ಜೆ ಯೋಚನೆಯದಲ್ಲ, ಶರೀರದ್ದು. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದಕ್ಕೆ ಹೆಚ್ಚು ಹೊತ್ತು ಕೊಟ್ಟು ಐದು ನಿಮಿಷ ಕುಳಿತುಕೊಳ್ಳಿ. ನಿಧಾನವಾಗಿ ಉಸಿರು ಬಿಡುವಾಗ ಎದೆಬಡಿತ ತಗ್ಗುವುದು ನಮ್ಮ ನರವ್ಯೂಹದಲ್ಲಿಯೇ ಇರುವ ಏರ್ಪಾಡು. ಅದಕ್ಕೆ ನಂಬಿಕೆಯೂ ಬೇಡ, ಮನೋಬಲವೂ ಬೇಡ. ಇದು ನಿಮ್ಮ ಯಾವ ಸಮಸ್ಯೆಯನ್ನೂ ಬಗೆಹರಿಸುವುದಿಲ್ಲ, ಆದರೆ ಮುಂದಿನ ಮಾತನ್ನು ಕೇಳಿಸಿಕೊಳ್ಳುವ ಸ್ಥಿತಿಗೆ ನಿಮ್ಮನ್ನು ತರುತ್ತದೆ. ರಾತ್ರಿ ಮೂರು ಗಂಟೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಆ ಹೊತ್ತಿನಲ್ಲಿ ಬರುವ ಯೋಚನೆಗಳಿಗೆ ಉತ್ತರ ಹುಡುಕಬೇಡಿ, ಅವುಗಳೊಂದಿಗೆ ವಾದಕ್ಕೂ ಇಳಿಯಬೇಡಿ. ಹಾಸಿಗೆಯ ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಂಡು, ಬಂದ ಚಿಂತೆಯ ಹೆಸರನ್ನು ಎರಡು ಪದಗಳಲ್ಲಿ ಬರೆದು, ಅದರ ವಿಚಾರಣೆಯನ್ನು ಬೆಳಗಿನ ನಿಶ್ಚಿತ ಸಮಯವೊಂದಕ್ಕೆ ಮುಂದೂಡಿ. ಅದೇ ಚಿಂತೆಯನ್ನು ಹಗಲಿನಲ್ಲಿ ಓದಿದಾಗ ಅದು ಇದ್ದಷ್ಟೇ ಇರುತ್ತದೆ, ಆದರೆ ಅದನ್ನು ಎದುರಿಸುವ ನೀವು ಆ ರಾತ್ರಿಯ ನೀವಾಗಿರುವುದಿಲ್ಲ.

ಈಗ ದೃಷ್ಟಿ ಬದಲಿಸುವುದು ಎಂದರೇನು ಎಂಬ ಪ್ರಶ್ನೆಗೆ ಬರುತ್ತೇನೆ. ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ ಎಂಬ ಮನೋವಿಜ್ಞಾನಿಗಳು 1984ರಲ್ಲಿ ಒತ್ತಡವನ್ನು ವಿವರಿಸಿದ ರೀತಿ ನನಗೆ ಇಂದಿಗೂ ಎಲ್ಲಕ್ಕಿಂತ ಉಪಯುಕ್ತವಾಗಿ ಕಾಣುತ್ತದೆ. ಕಷ್ಟ ಎದುರಾದಾಗ ಮನಸ್ಸು ನಮಗೆ ಗೊತ್ತಾಗದಂತೆಯೇ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತದೆ. ‘ಇದರಿಂದ ನನಗೆ ಏನಾಗಬಹುದು?’ ಎಂಬುದು ಒಂದು, ‘ಇದನ್ನು ನಿಭಾಯಿಸಲು ನನ್ನ ಬಳಿ ಏನಿದೆ?’ ಎಂಬುದು ಇನ್ನೊಂದು. ಮೊದಲನೆಯದರ ಉತ್ತರ ದೊಡ್ಡದಾಗಿ, ಎರಡನೆಯದರ ಉತ್ತರ ಚಿಕ್ಕದಾಗಿ ಕಂಡಾಗ ಆಗುವ ಅನುಭವವೇ ಒತ್ತಡ. ನಿಮ್ಮ ಅಕ್ಕ ಮತ್ತು ಗೆಳತಿಯರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಾರೆ. ಆದರೆ ಅವರು ಮೊದಲನೆಯ ಪ್ರಶ್ನೆಯ ಉತ್ತರವನ್ನು ಚಿಕ್ಕದು ಮಾಡಿಕೊಳ್ಳಲು ಒತ್ತಾಯಿಸುತ್ತಿದ್ದಾರೆ. ತಂದೆಯ ಕಾಯಿಲೆ ಚಿಕ್ಕ ವಿಷಯವಲ್ಲ. ಅದನ್ನು ಚಿಕ್ಕದೆಂದು ಹೇಳಿಕೊಂಡರೆ ನಿಮ್ಮ ಮನಸ್ಸು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಇತರರ ದೊಡ್ಡ ಕಷ್ಟದ ಪಕ್ಕದಲ್ಲಿ ನಿಮ್ಮದನ್ನು ಇಟ್ಟು ಅಳೆಯುವುದೂ ಇದೇ ತಪ್ಪಿನ ಇನ್ನೊಂದು ರೂಪ. ಹಾಗೆ ಅಳೆದಾಗ ನೋವು ಕಡಿಮೆಯಾಗದೆ, ನೋವಿನ ಜೊತೆಗೆ ನಾಚಿಕೆಯೂ ಸೇರಿಕೊಳ್ಳುತ್ತದೆ ಎಂಬುದನ್ನು ನೀವೇ ಸ್ಪಷ್ಟವಾಗಿ ಬರೆದಿದ್ದೀರಿ. ನೀವು ಇನ್ನೂ ಕೈ ಹಾಕದಿರುವುದು ಎರಡನೆಯ ಪ್ರಶ್ನೆಗೆ.

ಎರಡನೆಯ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ರಾಶಿಯನ್ನು ಬಿಡಿಸಬೇಕು. ಮನಸ್ಸು ಒಂದು ಗಳಿಗೆಯಲ್ಲಿ ಹಿಡಿದಿಟ್ಟುಕೊಂಡು ಯೋಚಿಸಬಲ್ಲ ಸಂಗತಿಗಳು ಸುಮಾರು ನಾಲ್ಕು ಎಂದು ಈ ಕ್ಷೇತ್ರದ ಹಲವು ಅಧ್ಯಯನಗಳು ಹೇಳುತ್ತವೆ. ನಿಮ್ಮ ಪತ್ರದಲ್ಲಿ ತಂದೆ, ಕಚೇರಿ, ಮಗ, ಸಾಲ, ನಿದ್ದೆ ಎಂದು ಐದು ದೊಡ್ಡ ಹೆಸರುಗಳಿವೆ, ಒಂದೊಂದರ ಒಳಗೂ ಹತ್ತು ಚಿಕ್ಕ ಕೆಲಸಗಳಿವೆ. ಇವೆಲ್ಲವನ್ನೂ ತಲೆಯಲ್ಲಿಯೇ ಹೊತ್ತುಕೊಂಡಾಗ ಯಾವುದೂ ಪೂರ್ತಿಯಾಗಿ ಕಾಣದೆ, ಎಲ್ಲವೂ ಸೇರಿ ‘ಬದುಕೇ ಕೈಮೀರಿತು’ ಎಂಬ ಒಂದೇ ಮೋಡವಾಗುತ್ತದೆ. ಕಾಗದದ ಮೇಲೆ ಇಳಿಸಿ. ಕ್ರಮವಾಗಿ ಬರೆಯಬೇಕೆಂಬ ನಿಯಮವಿಲ್ಲ, ಸುಂದರವಾಗಿ ಬರೆಯಬೇಕಾಗಿಯೂ ಇಲ್ಲ. ನೆನಪಿಗೆ ಬಂದಂತೆ ಬರೆಯುತ್ತ ಹೋಗಿ. ಆಮೇಲೆ ಒಂದೊಂದರ ಮುಂದೆ ಅದನ್ನು ಯಾವಾಗ, ಎಲ್ಲಿ, ಹೇಗೆ ಮಾಡುತ್ತೀರಿ ಎಂದು ಗುರುತು ಹಾಕಿ. ಮುಗಿಯದ ಕೆಲಸವೊಂದು ಮತ್ತೆ ಮತ್ತೆ ತಲೆಗೆ ನುಗ್ಗುವುದನ್ನು ತಡೆಯಲು ಆ ಕೆಲಸ ಮುಗಿಯಲೇಬೇಕೆಂದಿಲ್ಲ, ಅದಕ್ಕೊಂದು ಖಚಿತವಾದ ಯೋಜನೆ ಸಿಕ್ಕರೂ ಮನಸ್ಸು ಅದನ್ನು ಕೆಳಗಿಳಿಸುತ್ತದೆ ಎಂದು ಮಾಸಿಕಾಂಪೊ ಮತ್ತು ಬಾಮೈಸ್ಟರ್ 2011ರ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ.

ಬರೆದ ಮೇಲೆ ನಿಮ್ಮ ವಾಕ್ಯಗಳನ್ನು ಒಮ್ಮೆ ಓದಿ ನೋಡಿ. ‘ಎಲ್ಲವೂ’, ‘ಯಾವಾಗಲೂ’, ‘ಎಂದಿಗೂ’ ಎಂಬ ಪದಗಳು ಎಲ್ಲಿ ಬರುತ್ತವೆಯೋ ಅಲ್ಲಿ ನಿಲ್ಲಿ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ‘ತಂದೆಯವರನ್ನು ನೋಡಿಕೊಳ್ಳುವುದರಲ್ಲಿ ನಾನು ಸೋಲುತ್ತಿದ್ದೇನೆ’ ಎಂದು ನೀವು ಬರೆದಿರಿ ಎಂದಿಟ್ಟುಕೊಳ್ಳಿ. ಇದರಲ್ಲಿ ನಡೆದ ಸಂಗತಿ ಎಷ್ಟು, ಅದಕ್ಕೆ ನೀವು ಕೊಟ್ಟ ತೀರ್ಪು ಎಷ್ಟು? ನಡೆದದ್ದು ಬಹುಶಃ ಇಷ್ಟೇ ಇರಬಹುದು: ಈ ವಾರ ಎರಡು ಸಲ ನೀವು ತಡವಾಗಿ ಬಂದಿರಿ, ವ್ಯಾಯಾಮ ಮಾಡಿಸಲು ಆಗಲಿಲ್ಲ. ತೀರ್ಪು ಮಾತ್ರ ಇಡೀ ನಿಮ್ಮ ಮೇಲೆಯೇ ಬಿದ್ದಿದೆ. ‘ವಾರಕ್ಕೆ ಎರಡು ದಿನ ಸಂಜೆಯ ವ್ಯಾಯಾಮಕ್ಕೆ ಇನ್ನೊಬ್ಬರು ಬೇಕು’ ಎಂದು ಅದೇ ಸಂಗತಿಯನ್ನು ತಿರುಗಿಸಿ ಬರೆದರೆ, ನಿಜ ಒಂದಿಷ್ಟೂ ಬದಲಾಗಿರುವುದಿಲ್ಲ, ಆದರೆ ಅಕ್ಕನನ್ನು ಏನು ಕೇಳಬೇಕೆಂಬುದು ನಿಮಗೆ ತಿಳಿದಿರುತ್ತದೆ. ದೃಷ್ಟಿ ಬದಲಾಗುವುದು ಎಂದರೆ ನನ್ನ ಮಟ್ಟಿಗೆ ಇದು. ಸಿಹಿಯಾದ ಮಾತನ್ನು ಹುಡುಕುವುದಕ್ಕಿಂತ ನಿಖರವಾದ ಮಾತನ್ನು ಹುಡುಕುವುದು ಹೆಚ್ಚು ನೆರವಾಗುತ್ತದೆ, ಏಕೆಂದರೆ ನಿಖರವಾದ ಮಾತನ್ನು ನಿಮ್ಮ ಮನಸ್ಸು ರಾತ್ರಿಯಲ್ಲಿಯೂ ನಂಬುತ್ತದೆ.

ತಂದೆಯವರ ಬಗ್ಗೆ ಇನ್ನೊಂದು ಮಾತು. ಪಾರ್ಶ್ವವಾಯುವಿನ ನಂತರ ಚೇತರಿಕೆ ಸಾಮಾನ್ಯವಾಗಿ ಮೊದಲ ಮೂರರಿಂದ ಆರು ತಿಂಗಳುಗಳಲ್ಲಿ ವೇಗವಾಗಿದ್ದು, ಆಮೇಲೆ ನಿಧಾನವಾಗುತ್ತದೆ. ನಿಧಾನವಾಗುವುದು ಎಂದರೆ ನಿಂತುಹೋಗುವುದು ಎಂದರ್ಥವಲ್ಲ. ಮುಂದಿನ ಆರು ತಿಂಗಳಲ್ಲಿ ಏನನ್ನು ನಿರೀಕ್ಷಿಸಬಹುದು, ಯಾವ ವ್ಯಾಯಾಮ ಅತ್ಯಗತ್ಯ, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂದು ವೈದ್ಯರನ್ನು ನೇರವಾಗಿ ಕೇಳಿ, ಉತ್ತರವನ್ನು ಬರೆದುಕೊಳ್ಳಿ. ನಮ್ಮನ್ನು ಕಾಡುವ ಎಷ್ಟೋ ಭಯಗಳು ಯಾರನ್ನೂ ಕೇಳದೆ ಉಳಿಸಿಕೊಂಡ ಪ್ರಶ್ನೆಗಳಾಗಿರುತ್ತವೆ.

ಇಷ್ಟಾದ ಮೇಲೆ ದೂರದಿಂದ ನೋಡುವ ಅಭ್ಯಾಸ ಉಪಯೋಗಕ್ಕೆ ಬರುತ್ತದೆ. ತನ್ನ ಕಷ್ಟವನ್ನು ‘ನಾನು’ ಎಂದು ಯೋಚಿಸುವ ಬದಲು ತನ್ನ ಹೆಸರನ್ನೇ ಹಿಡಿದು, ಇನ್ನೊಬ್ಬರೊಂದಿಗೆ ಮಾತನಾಡುವಂತೆ ಯೋಚಿಸಿದವರಿಗೆ ತಳಮಳ ಕಡಿಮೆಯಾದದ್ದನ್ನು ಈಥನ್ ಕ್ರಾಸ್ ಮತ್ತು ಅವರ ಸಂಗಡಿಗರು 2014ರಲ್ಲಿ ವರದಿ ಮಾಡಿದ್ದಾರೆ. ನಿಮ್ಮ ಗೆಳತಿಯೊಬ್ಬಳು ಇದೇ ಪತ್ರವನ್ನು ನಿಮಗೆ ಬರೆದಿದ್ದರೆ ನೀವು ಅವಳಿಗೆ ‘ಇಷ್ಟಕ್ಕೇ ಕುಸಿದೆಯಾ’ ಎನ್ನುತ್ತಿದ್ದಿರಾ? ಖಂಡಿತ ಇಲ್ಲ. ಇತರರ ವಿಷಯದಲ್ಲಿ ನಮಗಿರುವ ವಿವೇಕ ನಮ್ಮ ವಿಷಯಕ್ಕೆ ಬಂದಾಗ ಕೈಕೊಡುತ್ತದೆ. ನಮ್ಮನ್ನು ನಾವೇ ಹೆಸರಿಟ್ಟು ಕರೆದಾಗ ಆ ವಿವೇಕ ಸ್ವಲ್ಪವಾದರೂ ನಮ್ಮ ಪಾಲಿಗೆ ಬರುತ್ತದೆ. ಹಾಗೆಯೇ, ಐದು ವರ್ಷದ ನಂತರ ಈ ತಿಂಗಳುಗಳನ್ನು ನೆನೆದಾಗ ಇವುಗಳಲ್ಲಿ ಯಾವುದು ಉಳಿದಿರುತ್ತದೆ ಎಂದು ಕೇಳಿಕೊಳ್ಳಿ. ಕಚೇರಿಯ ಕಡತ ಉಳಿದಿರುವುದಿಲ್ಲ. ತಂದೆಯವರ ಪಕ್ಕದಲ್ಲಿ ಕುಳಿತ ಸಂಜೆ ಉಳಿದಿರುತ್ತದೆ. ಯಾವುದಕ್ಕೆ ಎಷ್ಟು ಶಕ್ತಿ ಕೊಡಬೇಕೆಂಬ ನಿರ್ಧಾರ ಆಗ ಸುಲಭವಾಗುತ್ತದೆ.

ಆದರೂ ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಮರೆಯಬಾರದು. ದೂರ ನಿಂತಾಗ ಬೆಟ್ಟದ ಆಕಾರ ಕಾಣುತ್ತದೆ, ಹತ್ತುವಾಗ ಕಾಲಿಗೆ ಚುಚ್ಚುವ ಕಲ್ಲುಗಳು ಕಾಣುವುದಿಲ್ಲ. ದಾರಿಯನ್ನು ಆರಿಸಿಕೊಳ್ಳಲು ದೂರದ ನೋಟ ಬೇಕು. ನಡೆಯುವಾಗ ಮತ್ತೆ ಮುಂದಿನ ಒಂದು ಹೆಜ್ಜೆಯ ಮೇಲೆಯೇ ಕಣ್ಣಿಡಬೇಕು. ದಿನವಿಡೀ ದೂರದಲ್ಲಿಯೇ ನಿಂತು ನೋಡುತ್ತಿದ್ದರೆ ಬದುಕು ಯಾರದೋ ಕಥೆಯಂತೆ ಕಾಣತೊಡಗುತ್ತದೆ, ಅದೂ ಒಳ್ಳೆಯದಲ್ಲ.

ಒಂದು ಎಚ್ಚರಿಕೆಯನ್ನು ಸ್ಪಷ್ಟವಾಗಿ ಹೇಳುತ್ತೇನೆ. ಎರಡು ವಾರಗಳಿಗೂ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಸಂತೋಷ ಕೊಡುತ್ತಿದ್ದ ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ, ಹಸಿವು ಮತ್ತು ನಿದ್ದೆ ಪೂರ್ತಿ ಕೆಟ್ಟಿದ್ದರೆ ಅದು ನೋಟದ ಪ್ರಶ್ನೆಯಾಗಿ ಉಳಿಯದೆ ಚಿಕಿತ್ಸೆಯ ಪ್ರಶ್ನೆಯಾಗುತ್ತದೆ, ಮನೋವೈದ್ಯರನ್ನು ಕಾಣಬೇಕು. ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದಿದ್ದರೂ ಎರಡು ವಾರ ಕಾಯಬೇಡಿ, ಅದೇ ದಿನ ಹತ್ತಿರದವರಿಗೆ ಹೇಳಿ, ವೈದ್ಯರ ಬಳಿಗೆ ಹೋಗಿ. ಎದೆಯ ಮೇಲಿನ ಭಾರದ ಬಗ್ಗೆಯೂ ವೈದ್ಯರಿಗೆ ತಿಳಿಸಿ. ಅದು ಒತ್ತಡದ್ದೇ ಎಂದು ನೀವಾಗಿ ತೀರ್ಮಾನಿಸಬೇಡಿ.

ಪ್ರಶ್ನೆ: ನನ್ನ ಮೇಲಧಿಕಾರಿ ಎಲ್ಲರೆದುರು ಕೂಗಾಡುತ್ತಾರೆ, ರಜೆಯ ದಿನವೂ ಕೆಲಸ ಹೇಳುತ್ತಾರೆ, ನಾನು ಮಾಡಿದ್ದನ್ನು ತಮ್ಮದೆಂದು ತೋರಿಸಿಕೊಳ್ಳುತ್ತಾರೆ. ‘ಸಮಸ್ಯೆ ಹೊರಗಿಲ್ಲ, ನೋಡುವ ನೋಟದಲ್ಲಿದೆ’ ಎಂಬ ಮಾತನ್ನು ನಂಬಿ, ಒಂದೂವರೆ ವರ್ಷದಿಂದ ಅವರಲ್ಲಿ ಒಳ್ಳೆಯದನ್ನೇ ಕಾಣಲು ಯತ್ನಿಸುತ್ತಿದ್ದೇನೆ. ದಿನದಿಂದ ದಿನಕ್ಕೆ ಹೆಚ್ಚು ದಣಿಯುತ್ತಿದ್ದೇನೆ. ನನ್ನ ಪ್ರಯತ್ನದಲ್ಲಿ ಏನು ಕೊರತೆಯಿದೆ?

ಉತ್ತರ: ನಿಮ್ಮ ಪ್ರಯತ್ನದಲ್ಲಿ ಕೊರತೆಯಿಲ್ಲ, ಅದನ್ನು ಪ್ರಯೋಗಿಸಿದ ಜಾಗ ತಪ್ಪಾಗಿದೆ. ನೋಟವನ್ನು ಬದಲಿಸಿಕೊಳ್ಳುವ ಸಾಮರ್ಥ್ಯ ಎಲ್ಲ ಸಂದರ್ಭಕ್ಕೂ ಒಳ್ಳೆಯದೇ ಎಂದು ಬಹಳ ಕಾಲ ನಂಬಲಾಗಿತ್ತು. ಆಲಿಸನ್ ಟ್ರಾಯ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ನಂಬಿಕೆಯನ್ನು ತಿದ್ದಿತು. ಒತ್ತಡದ ಕಾರಣ ವ್ಯಕ್ತಿಯ ಹತೋಟಿಯಲ್ಲಿ ಇಲ್ಲದಾಗ ಈ ಸಾಮರ್ಥ್ಯ ಹೆಚ್ಚಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಿದ್ದವು. ಆದರೆ ಕಾರಣವನ್ನು ಬದಲಿಸಲು ಸಾಧ್ಯವಿದ್ದಾಗ ಅದೇ ಸಾಮರ್ಥ್ಯ ಹೆಚ್ಚಿದ್ದವರಲ್ಲಿ ಆ ಲಕ್ಷಣಗಳು ಹೆಚ್ಚಾಗಿದ್ದವು. ಬೇರೆಯವರು ಹೀಗೂ ಹಾಗೂ ಅರ್ಥೈಸಬಹುದು, ನನಗೆ ತೋರುವುದು ಇಷ್ಟು: ಬದಲಿಸಬಹುದಾದದ್ದನ್ನು ಸಹಿಸಿಕೊಳ್ಳುವ ಕಲೆಯಲ್ಲಿ ನಾವು ಪಳಗಿದರೆ, ಅದನ್ನು ಬದಲಿಸಲು ಬೇಕಾದ ಕಿಚ್ಚು ಆರಿಹೋಗುತ್ತದೆ.

ನಿಮ್ಮ ಸಿಟ್ಟು ನಿಮಗೆ ಒಂದು ಸುದ್ದಿಯನ್ನು ತರುತ್ತಿದೆ, ನೀವು ಒಂದೂವರೆ ವರ್ಷದಿಂದ ಬಾಗಿಲು ತೆರೆದಿಲ್ಲ. ಅನ್ನಿಸಿದ್ದನ್ನು ಮುಖದ ಮೇಲೆ ಬಾರದಂತೆ ಹತ್ತಿಕ್ಕುವುದಕ್ಕೂ ನೋಟವನ್ನು ಬದಲಿಸುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಮನೋವಿಜ್ಞಾನಿ ಜೇಮ್ಸ್ ಗ್ರಾಸ್ 1998ರ ತಮ್ಮ ಪ್ರಯೋಗದಲ್ಲಿ ಇವೆರಡನ್ನೂ ಹೋಲಿಸಿದಾಗ, ಹತ್ತಿಕ್ಕಿದವರ ಮುಖ ಶಾಂತವಾಗಿ ಕಂಡರೂ ಶರೀರದ ಉದ್ವೇಗ ಏರಿತ್ತು, ಒಳಗಿನ ಕಹಿ ಭಾವನೆಯೂ ಇಳಿದಿರಲಿಲ್ಲ. ನಿಮ್ಮ ದಣಿವನ್ನು ನೋಡಿದರೆ, ನೀವು ನೋಟ ಬದಲಿಸಿಕೊಂಡಿದ್ದೇನೆ ಎಂದುಕೊಂಡು ಹತ್ತಿಕ್ಕುತ್ತಿರಬಹುದು ಎಂಬ ಅನುಮಾನ ನನಗಿದೆ.

ಬದಲಿಸಬಹುದಾದದ್ದು ಏನಿದೆ ಎಂದು ಮೊದಲು ನೋಡಿ. ನಡೆದದ್ದನ್ನು ದಿನಾಂಕದೊಂದಿಗೆ, ವಿಶೇಷಣಗಳಿಲ್ಲದೆ ಬರೆದಿಡಿ. ನಿಮ್ಮ ಕೆಲಸದ ವರದಿಯನ್ನು ಲಿಖಿತವಾಗಿ, ಸಂಬಂಧಪಟ್ಟ ಇತರರಿಗೂ ತಲುಪುವಂತೆ ಕಳುಹಿಸಿ. ಶಾಂತವಾದ ಒಂದು ಹೊತ್ತನ್ನು ಆರಿಸಿಕೊಂಡು, ಅಧಿಕಾರಿಯ ಸ್ವಭಾವದ ಬಗ್ಗೆ ಮಾತೆತ್ತದೆ, ‘ತಪ್ಪು ಕಂಡಾಗ ನನ್ನನ್ನು ಪ್ರತ್ಯೇಕವಾಗಿ ಕರೆದು ಹೇಳಿ’ ಎಂಬ ಒಂದೇ ಕೋರಿಕೆಯನ್ನು ಮುಂದಿಡಿ. ಫಲ ಕಾಣದಿದ್ದರೆ ಅವರ ಮೇಲಿನವರನ್ನು ಕಾಣುವುದು, ವಿಭಾಗ ಬದಲಿಸುವುದು, ಬೇರೆ ಕೆಲಸ ಹುಡುಕುವುದು ಇವೆಲ್ಲ ಸೋಲಿನ ಲಕ್ಷಣಗಳಲ್ಲ. ಇಷ್ಟೆಲ್ಲ ಮಾಡಿದ ಮೇಲೆಯೂ ನಿಮ್ಮ ಕೈಗೆ ಸಿಗದೆ ಒಂದು ಉಳಿಯುತ್ತದೆ, ಅದು ಆ ವ್ಯಕ್ತಿಯ ಸಿಡುಕು. ಅಲ್ಲಿ ಮಾತ್ರ ನಿಮ್ಮ ನೋಟ ಕೆಲಸ ಮಾಡಲಿ. ಆ ಕೂಗಾಟ ಅವರ ಸಹನೆಯ ಅಳತೆಯನ್ನು ತೋರಿಸುತ್ತದೆ, ನಿಮ್ಮ ಯೋಗ್ಯತೆಯ ಅಳತೆಯನ್ನಲ್ಲ ಎಂದು ತಿಳಿದುಕೊಳ್ಳುವುದಕ್ಕೆ ಅವರಲ್ಲಿ ಒಳ್ಳೆಯದನ್ನು ಕಾಣಲೇಬೇಕೆಂಬ ಬಲವಂತ ಬೇಕಿಲ್ಲ.

ಪ್ರಶ್ನೆ: ನನ್ನ ಹೆಂಡತಿ ಕೆಲವು ತಿಂಗಳಿಂದ ತೀವ್ರ ಒತ್ತಡದಲ್ಲಿದ್ದಾಳೆ. ‘ಇದರಲ್ಲಿ ಒಳ್ಳೆಯದೂ ಇದೆ, ಹೀಗೆ ಯೋಚಿಸಿ ನೋಡು’ ಎಂದು ನಾನು ಹೇಳಿದಾಗಲೆಲ್ಲ ಅವಳು ಸಿಟ್ಟಾಗುತ್ತಾಳೆ, ಇಲ್ಲವೇ ಮೌನವಾಗುತ್ತಾಳೆ. ಅವಳ ನೋಟವನ್ನು ಬದಲಿಸಲು ನಾನು ಹೇಗೆ ಸಹಾಯ ಮಾಡಲಿ?

ಉತ್ತರ: ನೀವು ಹೇಳುವ ಮಾತು ಸುಳ್ಳಲ್ಲದೆ ಇರಬಹುದು, ಆದರೆ ಅದು ಬೇಗ ಬರುತ್ತಿದೆ. ಅವರು ಹೇಳಬೇಕಾದದ್ದನ್ನು ಪೂರ್ತಿ ಹೇಳಿ ಮುಗಿಸುವ ಮೊದಲೇ ಸಮಾಧಾನದ ಮಾತು ಬಂದರೆ, ‘ಇನ್ನು ಹೇಳಬೇಡ’ ಎಂದು ಕೇಳಿಸುತ್ತದೆ. ಮೇಲಿನ ಮೊದಲ ಪತ್ರವನ್ನು ಇನ್ನೊಮ್ಮೆ ಓದಿ; ಆಕೆಯ ಸುತ್ತಲಿನವರೂ ನಿಮ್ಮಷ್ಟೇ ಪ್ರೀತಿಯಿಂದ ಹೇಳಿದವರು. ಸಲಹೆ ಕೊಡುವ ಕೆಲಸದಲ್ಲಿ ನಾನೂ ಮೊದಮೊದಲು ಹೀಗೆಯೇ ಆತುರಪಟ್ಟವನು. ಎದುರಿನವರ ನೋವನ್ನು ನೋಡುತ್ತ ಸುಮ್ಮನೆ ಕುಳಿತಿರುವುದು ನನಗೆ ಕಷ್ಟವಾಗುತ್ತಿತ್ತು, ಆ ಕಷ್ಟದಿಂದ ಪಾರಾಗಲು ಮಾತನಾಡುತ್ತಿದ್ದೆ ಎಂಬುದು ಎಷ್ಟೋ ವರ್ಷಗಳ ಮೇಲೆ ನನಗೆ ಅರಿವಾಯಿತು.

ಅವರು ಮಾತು ಆರಂಭಿಸಿದಾಗ, ‘ನಾನು ಸುಮ್ಮನೆ ಕೇಳಿಸಿಕೊಳ್ಳಲೋ, ಅಥವಾ ಸೇರಿ ದಾರಿ ಯೋಚಿಸೋಣವೋ?’ ಎಂದು ಕೇಳಿ. ಕೇಳಿಸಿಕೊಳ್ಳಲು ಹೇಳಿದರೆ ಕೇಳಿಸಿಕೊಳ್ಳಿ, ಕೊನೆಯಲ್ಲಿ ಕೂಡ ಬುದ್ಧಿಮಾತು ಸೇರಿಸಬೇಡಿ. ಅವರು ಹೇಳಿದ್ದನ್ನು ಅವರದೇ ಪದಗಳಲ್ಲಿ ಒಮ್ಮೆ ಹಿಂದಿರುಗಿಸಿ ಹೇಳಿದರೆ ಸಾಕು. ತನ್ನ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಮನುಷ್ಯ ತಾನಾಗಿಯೇ ಅದನ್ನು ಒಂದಿಷ್ಟು ದೂರದಿಂದ ನೋಡುತ್ತಾನೆ, ಕೆಲವೊಮ್ಮೆ ತಾನೇ ತಿದ್ದಿಕೊಳ್ಳುತ್ತಾನೆ.

ಇನ್ನೊಂದು ಕೆಲಸವಿದೆ, ಅದನ್ನು ಇಂದೇ ಆರಂಭಿಸಬಹುದು. ‘ಏನಾದರೂ ಬೇಕಿದ್ದರೆ ಹೇಳು’ ಎನ್ನುವ ಬದಲು, ಅವರ ಹೆಗಲ ಮೇಲಿರುವ ಒಂದು ನಿರ್ದಿಷ್ಟ ಜವಾಬ್ದಾರಿಯನ್ನು, ನೆನಪಿಟ್ಟುಕೊಳ್ಳುವ ಹೊಣೆಯೂ ಸೇರಿದಂತೆ, ಪೂರ್ತಿಯಾಗಿ ನಿಮ್ಮದಾಗಿ ಮಾಡಿಕೊಳ್ಳಿ. ಯಾವುದನ್ನು ಎಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನೇ ವಹಿಸಿಕೊಳ್ಳಿ. ಆ ಕೆಲಸದ ಬಗ್ಗೆ ಅವರು ಮತ್ತೆ ನಿಮಗೆ ನೆನಪಿಸಬೇಕಾದ ಸಂದರ್ಭ ಒಮ್ಮೆಯೂ ಬಾರದಂತೆ ಒಂದು ತಿಂಗಳು ನಡೆಸಿ, ಆಮೇಲೆ ನನಗೆ ಮತ್ತೆ ಬರೆಯಿರಿ.